ವ್ಯಕ್ತಿಸ್ವಾತಂತ್ರ್ಯದ ವಿಜ್ಞಾನ ಕಾದಂಬರಿಗಳು: ಯಾವ ಪ್ರಶಸ್ತಿಯ ಪಟ್ಟಿಯನ್ನು ನೆಚ್ಚಬೇಕು?

ವ್ಯಕ್ತಿಯ ಸ್ವಾತಂತ್ರ್ಯವನ್ನೇ ಮುಖ್ಯ ವಸ್ತುವಾಗಿಸಿಕೊಂಡ ವಿಜ್ಞಾನ ಕಾದಂಬರಿಗಳನ್ನು ಆರಿಸಿ ಓದಬೇಕೆಂದು ಹೊರಟವರಿಗೆ ಪುಸ್ತಕಗಳ ಕೊರತೆ ಎಂದೂ ಕಾಡುವುದಿಲ್ಲ, ತೊಡಕಿರುವುದು ಆಯ್ಕೆಯಲ್ಲಿ. ದಬ್ಬಾಳಿಕೆಯ ಸರ್ಕಾರ, ಅದರ ವಿರುದ್ಧ ಸಿಡಿದೇಳುವ ಯುವಕ ಅಥವಾ ಯುವತಿ ಎಂಬ ಮಾತು ಎಷ್ಟೋ ಪುಸ್ತಕಗಳ ಬೆನ್ನುಡಿಯಲ್ಲಿ ಸಿಗುತ್ತದೆ. ಒಳಗೆ ತೆರೆದು ನೋಡಿದರೆ ಬಂಡಾಯದ ಗದ್ದಲ ಇರುತ್ತದೆಯೇ ಹೊರತು ಸ್ವಾತಂತ್ರ್ಯದ ಬಗ್ಗೆ ಒಂದು ಪುಟದಷ್ಟೂ ಯೋಚನೆ ಇರುವುದಿಲ್ಲ. ಆದ್ದರಿಂದ ಪ್ರಶಸ್ತಿ ಪಡೆದ ಕೃತಿಗಳ ಪಟ್ಟಿಯನ್ನು ಹಿಡಿದು ಓದುವುದು ಒಳ್ಳೆಯ ದಾರಿಯೇ. ಆದರೆ ಪಟ್ಟಿಗಳು ಹಲವು, ಅವುಗಳನ್ನು ಸಿದ್ಧಪಡಿಸುವ ಜನರೂ ಬೇರೆ ಬೇರೆ. ಪ್ರೊಮಿಥಿಯಸ್, ಹ್ಯೂಗೋ, ನೆಬ್ಯುಲಾ, ಆರ್ಥರ್ ಸಿ. ಕ್ಲಾರ್ಕ್, ಅದರ್‌ವೈಸ್, ಅರ್ಸುಲಾ ಲೆ ಗ್ವಿನ್ ಎಂಬ ಆರು ಪ್ರಶಸ್ತಿಗಳನ್ನು ಈ ಒಂದೇ ದೃಷ್ಟಿಯಿಂದ ಹೋಲಿಸಿ, ಯಾವ ಓದುಗರಿಗೆ ಯಾವುದು ಹೊಂದುತ್ತದೆ ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಪಟ್ಟಿಗೆ ಕೈಹಾಕುವ ಮೊದಲು ನಮ್ಮನ್ನು ನಾವೇ ಕೇಳಿಕೊಳ್ಳಬೇಕಾದ ಒಂದು ಪ್ರಶ್ನೆ ಇದೆ. ಕನ್ನಡದಲ್ಲಿ ‘ಸ್ವಾತಂತ್ರ್ಯ’ ಎಂದಾಗ ಮಾತು ಪೂರ್ಣವಾದಂತೆ ಕೇಳಿಸುತ್ತದೆ. ‘ಬಿಡುಗಡೆ’ ಎಂದ ಕೂಡಲೇ ‘ಯಾವುದರಿಂದ?’ ಎಂಬ ಮರುಪ್ರಶ್ನೆ ತಾನಾಗಿ ಹುಟ್ಟುತ್ತದೆ. ಈ ಪ್ರಶಸ್ತಿಗಳ ನಡುವಿನ ನಿಜವಾದ ವ್ಯತ್ಯಾಸ ಇರುವುದು ಆ ಮರುಪ್ರಶ್ನೆಗೆ ಅವು ಕೊಡುವ ಉತ್ತರದಲ್ಲಿ. ಪ್ರಭುತ್ವದಿಂದ ಬಿಡುಗಡೆಯೇ, ಮನೆಯವರ ಹಿಡಿತದಿಂದಲೇ, ಲಿಂಗದ ಚೌಕಟ್ಟಿನಿಂದಲೇ, ಯಜಮಾನನಿಂದಲೇ, ಇಲ್ಲವೇ ಸುತ್ತಲಿನ ಒಳ್ಳೆಯ ಜನರ ಒಮ್ಮತದಿಂದಲೇ? ಬಹುಮಾನದ ಮೊತ್ತ, ಪ್ರತಿಷ್ಠೆ, ಪ್ರಚಾರಗಳೆಲ್ಲ ಇದರ ಮುಂದೆ ಗೌಣ.

ಪ್ರೊಮಿಥಿಯಸ್: ಪ್ರಶ್ನೆಯನ್ನು ನೇರವಾಗಿ ಕೇಳುವ ಪ್ರಶಸ್ತಿ

ಸ್ವಾತಂತ್ರ್ಯ ಎಂಬ ಪದವನ್ನು ತನ್ನ ನಿಯಮಾವಳಿಯಲ್ಲೇ ಇಟ್ಟುಕೊಂಡು, ಅದನ್ನೇ ಅಳತೆಗೋಲಾಗಿಸಿ ವಿಜ್ಞಾನ ಸಾಹಿತ್ಯವನ್ನು ತೂಗುವ ಪ್ರಶಸ್ತಿ ಎಂದರೆ ಅಮೆರಿಕದ ಪ್ರೊಮಿಥಿಯಸ್. ಇದನ್ನು 1979ರಲ್ಲಿ ಆರಂಭಿಸಿದವರು ಕಾದಂಬರಿಕಾರ ಎಲ್. ನೀಲ್ ಸ್ಮಿತ್. ಆ ವರ್ಷ ಎಫ್. ಪಾಲ್ ವಿಲ್ಸನ್ ಅವರ ‘ವೀಲ್ಸ್ ವಿದಿನ್ ವೀಲ್ಸ್’ ಕಾದಂಬರಿಗೆ ಮೊದಲ ಪ್ರಶಸ್ತಿ ಸಂದಿತು, ಬಹುಮಾನವನ್ನು ಚಿನ್ನದ ನಾಣ್ಯಗಳ ರೂಪದಲ್ಲಿ ಕೊಡಲಾಯಿತು. ಅನಂತರ ಕೆಲಕಾಲ ನಿಂತುಹೋದ ಪ್ರಶಸ್ತಿಯನ್ನು 1982ರಲ್ಲಿ ಹುಟ್ಟಿಕೊಂಡ ಲಿಬರ್ಟೇರಿಯನ್ ಫ್ಯೂಚರಿಸ್ಟ್ ಸೊಸೈಟಿ ಎತ್ತಿಕೊಂಡು, ಅಲ್ಲಿಂದ ನಡೆಸಿಕೊಂಡು ಬಂದಿದೆ. ಚಿನ್ನ ಇಲ್ಲಿ ಬರಿಯ ಅಲಂಕಾರವಾಗಿ ಬಂದದ್ದಲ್ಲ. ಸರ್ಕಾರ ಮನಬಂದಂತೆ ಅಚ್ಚುಹಾಕುವ ಕಾಗದದ ಹಣಕ್ಕಿಂತ ಚಿನ್ನಕ್ಕೆ ತನ್ನದೇ ಬೆಲೆ ಇದೆ ಎಂಬುದು ಲಿಬರ್ಟೇರಿಯನ್ ಚಿಂತನೆಯ ಒಂದು ಹಳೆಯ ನಂಬಿಕೆ. ಫಲಕದ ಮೇಲೆ ಕೂರಿಸಿದ ಆ ನಾಣ್ಯವನ್ನು ನೋಡಿದರೆ ಕೊಡುವವರ ತತ್ವ ಯಾವುದೆಂದು ಪುಸ್ತಕ ತೆರೆಯುವ ಮೊದಲೇ ತಿಳಿಯುತ್ತದೆ.

ಲಿಬರ್ಟೇರಿಯನ್ ಎಂದರೆ ಸ್ಥೂಲವಾಗಿ, ಇನ್ನೊಬ್ಬರಿಗೆ ಹಾನಿ ಮಾಡದ ತನಕ ವ್ಯಕ್ತಿಯ ಬದುಕು, ದುಡಿಮೆ, ಆಸ್ತಿ, ಮಾತುಗಳಲ್ಲಿ ಪ್ರಭುತ್ವ ಕೈಹಾಕಬಾರದು ಎನ್ನುವ ರಾಜಕೀಯ ನಿಲುವು. ಪ್ರಶಸ್ತಿಯ ಬಗ್ಗೆ ಅನುಮಾನ ಹುಟ್ಟುವುದೂ ಇಲ್ಲಿಯೇ. ಒಂದು ಪಂಥದವರು ತಮ್ಮವರಿಗೇ ಕೊಟ್ಟುಕೊಳ್ಳುವ ಪ್ರಶಸ್ತಿ ಇದಾಗಿರಬಹುದಲ್ಲವೇ ಎಂದು ಯಾರಿಗಾದರೂ ಅನಿಸಬಹುದು. ಮೊದಮೊದಲ ವರ್ಷಗಳ ಮಟ್ಟಿಗೆ ಆ ಅನುಮಾನ ಪೂರ್ತಿ ಸುಳ್ಳಲ್ಲ: 1982ರ ಪ್ರಶಸ್ತಿ ಸಂಸ್ಥಾಪಕರಾದ ಸ್ಮಿತ್ ಅವರದೇ ಕಾದಂಬರಿಗೆ ಹೋಯಿತು. ಆದರೆ ಪಟ್ಟಿಯನ್ನು ಪೂರ್ತಿ ಓದಿದರೆ ಚಿತ್ರ ಬದಲಾಗುತ್ತದೆ. ಸ್ಕಾಟ್ಲೆಂಡಿನ ಎಡಪಂಥೀಯ ಲೇಖಕ ಕೆನ್ ಮೆಕ್ಲಾಯ್ಡ್ ಅವರಿಗೆ 1996ರಲ್ಲಿ ಪ್ರಶಸ್ತಿ ಬಂತು, 1998ರಲ್ಲಿ ಮತ್ತೆ ಬಂತು. 2003ರಲ್ಲಿ ಟೆರ್ರಿ ಪ್ರ್ಯಾಚೆಟ್ ಅವರ ‘ನೈಟ್ ವಾಚ್’, 2009ರಲ್ಲಿ ಕೋರಿ ಡಾಕ್ಟರೋ ಅವರ ‘ಲಿಟಲ್ ಬ್ರದರ್’ ಗೆದ್ದವು. 2012ರಲ್ಲಿ ಇಬ್ಬರು ಹಂಚಿಕೊಂಡ ಪ್ರಶಸ್ತಿಯ ಒಂದು ಪಾಲು ಡೀಲಿಯಾ ಶೆರ್ಮನ್ ಅವರ ‘ದ ಫ್ರೀಡಂ ಮೇಜ್’ಗೆ ಸಂದಿತು, ಇಪ್ಪತ್ತನೆಯ ಶತಮಾನದ ಹುಡುಗಿಯೊಬ್ಬಳು ಕಾಲದಲ್ಲಿ ನೂರು ವರ್ಷ ಹಿಂದಕ್ಕೆ ಹೋಗಿ, ತನ್ನದೇ ಪೂರ್ವಿಕರ ಕಬ್ಬಿನ ತೋಟದಲ್ಲಿ ಗುಲಾಮಳೆಂದು ಎಣಿಸಲ್ಪಡುವ ಕಥೆ ಅದು. ತೆರಿಗೆಯ ವಿರುದ್ಧ ಭಾಷಣ ಬಿಗಿಯುವ ಪುಸ್ತಕಗಳಷ್ಟೇ ಇಲ್ಲಿವೆ ಎಂದುಕೊಂಡು ಈ ಪಟ್ಟಿಯನ್ನು ಬದಿಗಿಟ್ಟವರು ಕಳೆದುಕೊಳ್ಳುವುದು ಬಹಳ.

ಆಯ್ಕೆಯ ಕ್ರಮ ಹೀಗಿದೆ: ಸಂಸ್ಥೆಯ ಸದಸ್ಯರು ಕಾದಂಬರಿಗಳನ್ನು ಸೂಚಿಸುತ್ತಾರೆ, ತೀರ್ಪುಗಾರರ ಸಮಿತಿಯೊಂದು ಓದಿ ಅಂತಿಮ ಸುತ್ತಿಗೆ ಕೆಲವನ್ನು ಆರಿಸುತ್ತದೆ, ಅನಂತರ ಸದಸ್ಯರು ಮತ ಹಾಕುತ್ತಾರೆ. ಮತಪತ್ರದಲ್ಲಿ ‘ಇವುಗಳಲ್ಲಿ ಯಾವುದೂ ಅಲ್ಲ’ ಎಂಬ ಆಯ್ಕೆಯೂ ಇರುತ್ತದೆ. ಮತದಾರರ ಸಂಖ್ಯೆ ಚಿಕ್ಕದು ಎಂಬುದು ಈ ಪ್ರಶಸ್ತಿಯ ದೌರ್ಬಲ್ಯವೂ ಹೌದು, ಬಲವೂ ಹೌದು. ಓದಿದ ಜನ ಕಡಿಮೆ. ಆದರೆ ಅವರೆಲ್ಲರೂ ಒಂದೇ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಓದಿದವರು.

ಪ್ರತಿ ವರ್ಷದ ಉತ್ತಮ ಕಾದಂಬರಿಯ ಪಟ್ಟಿಗಿಂತ ನಾನು ಹೆಚ್ಚು ನೆಚ್ಚುವುದು ಇದೇ ಸಂಸ್ಥೆಯ ‘ಹಾಲ್ ಆಫ್ ಫೇಮ್’ ಪಟ್ಟಿಯನ್ನು. 1983ರಲ್ಲಿ ಶುರುವಾದ ಈ ವಿಭಾಗಕ್ಕೆ ಈಗಿನ ನಿಯಮದಂತೆ ಪ್ರಕಟವಾಗಿ ಕನಿಷ್ಠ 20 ವರ್ಷ ಕಳೆದ ಕೃತಿಗಳನ್ನು ಮಾತ್ರ ಪರಿಗಣಿಸುತ್ತಾರೆ. ಕಾದಂಬರಿಯೇ ಆಗಬೇಕೆಂದಿಲ್ಲ, ಸಣ್ಣಕಥೆ, ಸಿನಿಮಾ, ಹಾಡು ಕೂಡ ಆಗಬಹುದು. ಮೊದಲ ವರ್ಷ ರಾಬರ್ಟ್ ಹೈನ್‌ಲೈನ್ ಅವರ ‘ದ ಮೂನ್ ಈಸ್ ಎ ಹಾರ್ಶ್ ಮಿಸ್ಟ್ರೆಸ್’ ಮತ್ತು ಅಯ್ನ್ ರ್‍ಯಾಂಡ್ ಅವರ ‘ಅಟ್ಲಾಸ್ ಶ್ರಗ್ಡ್’, ಮರುವರ್ಷ ಜಾರ್ಜ್ ಆರ್ವೆಲ್ ಅವರ ‘ನೈಂಟೀನ್ ಎಯ್ಟಿ ಫೋರ್’ ಮತ್ತು ರೇ ಬ್ರ್ಯಾಡ್‌ಬರಿ ಅವರ ‘ಫ್ಯಾರನ್‌ಹೀಟ್ 451’ ಸೇರಿದವು. 1993ರಲ್ಲಿ ಅರ್ಸುಲಾ ಲೆ ಗ್ವಿನ್ ಅವರ ‘ದ ಡಿಸ್ಪೊಸೆಸ್ಡ್’, 1994ರಲ್ಲಿ ರಷ್ಯಾದ ಯೆವ್ಗೆನಿ ಜಮ್ಯಾತಿನ್ ಅವರ ‘ವಿ’ ಬಂದವು. ಜಮ್ಯಾತಿನ್ ಕೃತಿಯ ವಿಧಿಯೇ ಅದರ ವಸ್ತುವಿಗೆ ಸಾಕ್ಷಿ: 1924ರಲ್ಲಿ ಇಂಗ್ಲಿಷ್ ಅನುವಾದದಲ್ಲಿ ಅಚ್ಚಾದ ಪುಸ್ತಕ, ಬರೆದವನ ಸ್ವಂತ ನಾಡಿನಲ್ಲಿ ಬೆಳಕು ಕಂಡದ್ದು 1988ರಲ್ಲಿ.

ಈ ವಿಭಾಗದ ಬೆಲೆ ಏನೆಂದು ಒಂದು ಸಣ್ಣಕಥೆಯಿಂದ ಹೇಳುವುದು ಸುಲಭ. 2019ರಲ್ಲಿ ಇಲ್ಲಿ ಸೇರಿದ್ದು ಕರ್ಟ್ ವಾನಗಟ್ 1961ರಲ್ಲಿ ಬರೆದ ‘ಹ್ಯಾರಿಸನ್ ಬರ್ಜರನ್’. ಕಥೆ ನಡೆಯುವುದು 2081ರಲ್ಲಿ; ಎಲ್ಲರೂ ಎಲ್ಲ ವಿಷಯದಲ್ಲೂ ಸಮಾನರಾಗಿರಬೇಕೆಂಬ ಕಾನೂನು ಬಂದಿದೆ. ಬುದ್ಧಿವಂತನಾದ ಜಾರ್ಜ್ ಎಂಬ ಗಂಡಸಿನ ಕಿವಿಯೊಳಗೆ ಸರ್ಕಾರ ಒಂದು ಪುಟ್ಟ ರೇಡಿಯೋ ಕೂರಿಸಿದೆ. ಇಪ್ಪತ್ತು ಸೆಕೆಂಡಿಗೊಮ್ಮೆ ಅದರಿಂದ ಕರ್ಕಶ ಶಬ್ದ ಹೊಮ್ಮುತ್ತದೆ, ಅವನ ಯೋಚನೆ ಅಲ್ಲಿಗೇ ತುಂಡಾಗುತ್ತದೆ. ಕುತ್ತಿಗೆಗೆ ಸೀಸದ ಗುಂಡುಗಳ ಚೀಲ ಬೀಗ ಹಾಕಿ ನೇತುಬಿಟ್ಟಿದ್ದಾರೆ. ಸ್ವಲ್ಪ ಹೊತ್ತು ಭಾರ ಇಳಿಸಿಕೋ ಎಂದು ಹೆಂಡತಿ ಮರುಕದಿಂದ ಹೇಳಿದರೆ ಅವನೇ ಒಪ್ಪುವುದಿಲ್ಲ. ಎಲ್ಲರೂ ಹಾಗೆ ಮಾಡತೊಡಗಿದರೆ ಸಮಾಜದ ಗತಿ ಏನು ಎನ್ನುತ್ತಾನೆ. ಬೇಡಿಯನ್ನು ತೊಡಿಸಿಕೊಂಡವನೇ ಅದರ ಪರವಾಗಿ ವಾದಿಸುವ ಆ ಹತ್ತು ಸಾಲುಗಳು, ದಪ್ಪ ದಪ್ಪ ಬಂಡಾಯದ ಕಾದಂಬರಿಗಳು ಹೇಳಲಾಗದ್ದನ್ನು ಹೇಳುತ್ತವೆ. ಇಂಥ ಬರಹಗಳನ್ನು ಮರೆವಿನಿಂದ ಎತ್ತಿ ತಂದು ಮುಂದಿಡುವ ಕೆಲಸವನ್ನು ಬೇರೆ ಯಾವ ಪ್ರಶಸ್ತಿಯೂ ಇಷ್ಟು ಶ್ರದ್ಧೆಯಿಂದ ಮಾಡುತ್ತಿಲ್ಲ. ಇ. ಎಂ. ಫಾರ್ಸ್ಟರ್ 1909ರಲ್ಲಿ ಬರೆದ ‘ದ ಮಷೀನ್ ಸ್ಟಾಪ್ಸ್’ ಕಥೆಗೆ 2012ರಲ್ಲಿ ಇಲ್ಲಿ ಜಾಗ ಸಿಕ್ಕಿತು.

ಕೊರತೆ ಇಲ್ಲವೆನ್ನಲಾರೆ. ಪ್ರೊಮಿಥಿಯಸ್ ಪಟ್ಟಿಯಲ್ಲಿ ಎದುರಾಳಿ ಬಹುಪಾಲು ಪ್ರಭುತ್ವವೇ ಆಗಿರುತ್ತದೆ. ದೊಡ್ಡ ಕಂಪನಿಯ ಹಿಡಿತ, ಗಂಡನ ಹಿಡಿತ, ನೆರೆಹೊರೆಯ ಹಿಡಿತ ಇವುಗಳ ಬಗ್ಗೆ ಕೃತಿಗಳು ಇವೆ, ಆದರೆ ವಿರಳ. ಎಲ್ಲ ಕಾದಂಬರಿಗಳ ಭಾಷೆಯೂ ಒಂದೇ ಮಟ್ಟದಲ್ಲಿಲ್ಲ; ವಿಚಾರದ ಗಟ್ಟಿತನಕ್ಕಾಗಿ ಗದ್ಯದ ಸೊಗಸನ್ನು ಬಿಟ್ಟುಕೊಟ್ಟಂತೆ ಕಾಣುವ ವರ್ಷಗಳಿವೆ.

ಹ್ಯೂಗೋ ಮತ್ತು ನೆಬ್ಯುಲಾ: ಜನಪ್ರಿಯತೆಯ ತೂಕ, ವೃತ್ತಿಯವರ ತೂಕ

1953ರಲ್ಲಿ ಮೊದಲ ಬಾರಿಗೆ ಕೊಟ್ಟ ಹ್ಯೂಗೋ, ಈ ಕ್ಷೇತ್ರದ ಅತಿ ಪ್ರಸಿದ್ಧ ಪ್ರಶಸ್ತಿ. ವರ್ಲ್ಡ್‌ಕಾನ್ ಎಂಬ ವಾರ್ಷಿಕ ಸಮ್ಮೇಳನದ ಸದಸ್ಯರೇ ಇಲ್ಲಿ ಮತದಾರರು. ಸಮ್ಮೇಳನಕ್ಕೆ ಹೋಗಲಾಗದವರೂ ಸದಸ್ಯತ್ವದ ಶುಲ್ಕ ಕಟ್ಟಿ, ಕುಳಿತಲ್ಲಿಂದಲೇ ಮತ ಹಾಕಬಹುದು. ನೆಬ್ಯುಲಾ ಪ್ರಶಸ್ತಿಯನ್ನು 1966ರಿಂದ ಕೊಡುತ್ತಿರುವುದು ಅಮೆರಿಕದ ವಿಜ್ಞಾನ ಕಥೆಗಾರರ ಸಂಘ, ಅಲ್ಲಿ ಮತ ಹಾಕುವವರು ಬರಹಗಾರರು. ಎರಡಕ್ಕೂ ವಸ್ತುವಿನ ಕಟ್ಟುಪಾಡು ಇಲ್ಲ. ಅಂದಮೇಲೆ ಸ್ವಾತಂತ್ರ್ಯದ ಕಾದಂಬರಿಗಳು ಈ ಪಟ್ಟಿಗಳಲ್ಲಿ ಚದುರಿ ಬಿದ್ದಿರುತ್ತವೆ, ನಾವೇ ಹೆಕ್ಕಬೇಕು.

ಹೆಕ್ಕುವವರಿಗೆ ಸಿಗುವ ಫಸಲು ಚಿಕ್ಕದೇನಲ್ಲ. ಹೈನ್‌ಲೈನ್ ಅವರ ಚಂದ್ರಲೋಕದ ದಂಗೆಯ ಕಾದಂಬರಿಗೆ 1967ರಲ್ಲೇ ಹ್ಯೂಗೋ ಬಂದಿತ್ತು. ಎನ್. ಕೆ. ಜೆಮಿಸಿನ್ 2016ರಿಂದ ಸತತ ಮೂರು ವರ್ಷ ಹ್ಯೂಗೋ ಗೆದ್ದ ಕಾದಂಬರಿಮಾಲೆಯಲ್ಲಿ, ಭೂಕಂಪವನ್ನು ತಡೆಯುವ ಶಕ್ತಿಯುಳ್ಳ ಮಕ್ಕಳನ್ನು ಸಾಮ್ರಾಜ್ಯ ಹಿಡಿದು ತಂದು, ಪಳಗಿಸಿ, ಆಸ್ತಿಯಂತೆ ಬಳಸುತ್ತದೆ. ಆಕ್ಟೇವಿಯಾ ಬಟ್ಲರ್ ಅವರ ‘ಪ್ಯಾರಬಲ್ ಆಫ್ ದ ಟ್ಯಾಲೆಂಟ್ಸ್’ 1999ರ ನೆಬ್ಯುಲಾ ಪಡೆಯಿತು. ಧರ್ಮದ ಹೆಸರಿನಲ್ಲಿ ಒಂದು ಪುಟ್ಟ ಸಮುದಾಯವನ್ನೇ ಶಿಬಿರವಾಗಿಸಿ, ಅಲ್ಲಿನವರ ಕೊರಳಿಗೆ ವಿದ್ಯುತ್ ಪಟ್ಟಿ ಬಿಗಿಯುವ ಅದರ ಅಧ್ಯಾಯಗಳನ್ನು ಓದಲು ಗಟ್ಟಿ ಮನಸ್ಸು ಬೇಕು.

ಹ್ಯೂಗೋ ಮತ್ತು ಪ್ರೊಮಿಥಿಯಸ್ ಎರಡೂ ಒಂದೇ ವರ್ಷ ಒಪ್ಪಿಕೊಂಡ ಕೃತಿಯೊಂದನ್ನು ಇಲ್ಲಿ ಎತ್ತಿ ಹೇಳಬೇಕು: ವರ್ನರ್ ವಿಂಜ್ ಅವರ ‘ಎ ಡೀಪ್‌ನೆಸ್ ಇನ್ ದ ಸ್ಕೈ’, ವರ್ಷ 2000. ಇದರಲ್ಲಿ ಬರುವ ಆಳುವ ಗುಂಪು ಒಂದು ಸೋಂಕನ್ನು ಬಳಸಿ ತಜ್ಞರ ಮಿದುಳನ್ನು ತಿದ್ದುತ್ತದೆ. ಹಾಗೆ ತಿದ್ದಿಸಿಕೊಂಡ ಅನುವಾದಕಿಗೆ ಅನುವಾದ ಬಿಟ್ಟು ಬೇರೆ ಯಾವುದೂ ಬೇಡವಾಗುತ್ತದೆ, ಊಟ ನಿದ್ರೆಗಳ ಗೊಡವೆಯೂ ಇರುವುದಿಲ್ಲ. ಅವಳ ಕೆಲಸದ ಗುಣಮಟ್ಟ ಅಪೂರ್ವ; ಅವಳಿಗೆ ದುಃಖವೂ ಇಲ್ಲ, ಬಿಡಿಸಿಕೊಳ್ಳಬೇಕೆಂಬ ಬಯಕೆಯೂ ಇಲ್ಲ. ಬಿಡುಗಡೆಯ ಬಯಕೆಯನ್ನೇ ಕಿತ್ತುಹಾಕಿದ ಮೇಲೆ ಬಂಧನ ಎಂಬುದು ಎಲ್ಲಿ ಉಳಿಯಿತು ಎಂದು ಕಾದಂಬರಿ ಕೇಳುವ ಬಗೆ ಎದೆ ನಡುಗಿಸುತ್ತದೆ. ಎರಡು ಬೇರೆ ಬೇರೆ ಮತದಾರ ವರ್ಗಗಳು ಒಂದೇ ಪುಸ್ತಕದ ಮೇಲೆ ಬೆರಳಿಟ್ಟಾಗ, ಅದರಲ್ಲಿ ವಿಚಾರದ ಜತೆಗೆ ಕಥೆಯ ಬಲವೂ ಇದೆ ಎಂದು ಧೈರ್ಯವಾಗಿ ನಂಬಬಹುದು. ಎರಡು ಪಟ್ಟಿಗಳು ಕೂಡುವ ಜಾಗಗಳನ್ನು ಮೊದಲು ಓದಿ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕಾಗಿ.

ಹ್ಯೂಗೋ ಇತಿಹಾಸದಲ್ಲಿ ಎರಡು ಗಾಯಗಳಿವೆ. ಸ್ವಾತಂತ್ರ್ಯದ ದೃಷ್ಟಿಯಿಂದ ಪ್ರಶಸ್ತಿಯನ್ನು ಅಳೆಯುವವರು ಎರಡನ್ನೂ ತಿಳಿದಿರಬೇಕು. ಮೊದಲನೆಯದು 2015ರದು. ಗುಂಪುಗಳು ಮೊದಲೇ ಪಟ್ಟಿ ಮಾಡಿಕೊಂಡು ಒಟ್ಟಾಗಿ ನಾಮನಿರ್ದೇಶನ ಮಾಡಿದ್ದರಿಂದ ಹಲವು ವಿಭಾಗಗಳು ಆ ಪಟ್ಟಿಯವರಿಂದಲೇ ತುಂಬಿಹೋದವು, ಉಳಿದ ಮತದಾರರು ಸಿಟ್ಟಿಗೆದ್ದು ಐದು ವಿಭಾಗಗಳಲ್ಲಿ ‘ಯಾರಿಗೂ ಬೇಡ’ ಎಂದು ಮತ ಹಾಕಿದರು. ಅದರ ಫಲವಾಗಿ ಎಣಿಕೆಯ ನಿಯಮಗಳು 2017ರಿಂದ ಬದಲಾದವು. ಎರಡನೆಯದು ಇನ್ನೂ ಆಳವಾದದ್ದು. 2023ರ ವರ್ಲ್ಡ್‌ಕಾನ್ ಚೀನಾದ ಚೆಂಗ್ಡುವಿನಲ್ಲಿ ನಡೆಯಿತು. ಮರುವರ್ಷ ಜನವರಿಯಲ್ಲಿ ನಾಮನಿರ್ದೇಶನದ ಅಂಕಿಅಂಶ ಹೊರಬಂದಾಗ, ಸಾಕಷ್ಟು ಬೆಂಬಲ ಪಡೆದಿದ್ದ ಕೆಲವು ಕೃತಿಗಳ ಮತ್ತು ವ್ಯಕ್ತಿಗಳ ಮುಂದೆ ಕಾರಣವನ್ನೇ ಹೇಳದೆ ‘ಅನರ್ಹ’ ಎಂದು ಬರೆದಿತ್ತು. ಆರ್. ಎಫ್. ಕುವಾಂಗ್ ಅವರ ‘ಬೇಬಲ್’ ಅವುಗಳಲ್ಲಿ ಒಂದು. ಅನಂತರ ಬಹಿರಂಗವಾದ ಇಮೇಲ್‌ಗಳಿಂದ, ಪ್ರಶಸ್ತಿಯ ಆಡಳಿತದಲ್ಲಿದ್ದವರು ಚೀನಾಕ್ಕೆ ಸಂಬಂಧಿಸಿದಂತೆ ಲೇಖಕರ ಬರಹ ಮತ್ತು ಮಾತುಗಳನ್ನು ಜಾಲಾಡಿದ್ದು ತಿಳಿದುಬಂತು. ‘ಬೇಬಲ್’ಗೆ ಅಷ್ಟರಲ್ಲಾಗಲೇ ನೆಬ್ಯುಲಾ ಬಂದಿತ್ತು. ಮತ ಹಾಕಿದವರ ತಪ್ಪು ಇದರಲ್ಲಿ ಏನೂ ಇಲ್ಲ. ಆದರೆ ಓದುಗರ ಮುಕ್ತ ಆಯ್ಕೆ ಎಂದು ಹೆಸರಾದ ಪಟ್ಟಿಯನ್ನು ನಾಲ್ಕು ಜನ ಒಳಗೆ ಕೂತು ತಿದ್ದಬಹುದು ಎಂಬುದು ನನ್ನಂಥ ಎಷ್ಟೋ ಓದುಗರಿಗೆ ನೋವು ತಂದ ಸಂಗತಿ. 2024ರ ಗ್ಲಾಸ್ಗೋ ಸಮ್ಮೇಳನದವರು 377 ಅನುಮಾನಾಸ್ಪದ ಮತಗಳನ್ನು ತಳ್ಳಿಹಾಕಿದಾಗ ಅದನ್ನು ಕಾರಣಸಹಿತ ಪ್ರಕಟಿಸಿದರು ಎಂಬುದನ್ನೂ ಇಲ್ಲಿ ಹೇಳಬೇಕು. 2023ರ ಪಟ್ಟಿಯೊಂದನ್ನು ಓದುವಾಗ ಮಾತ್ರ, ಅದರಲ್ಲಿ ಇಲ್ಲದ್ದೇನು ಎಂದೂ ನೋಡಿಕೊಳ್ಳಿ.

ಕ್ಲಾರ್ಕ್ ಪ್ರಶಸ್ತಿ: ಮನೆಯೊಳಗಿನ ಬೀಗಗಳು

ಹೆಸರಿನಲ್ಲಿ ಸ್ವಾತಂತ್ರ್ಯ ಇಲ್ಲ, ನಿಯಮದಲ್ಲೂ ಇಲ್ಲ. ಆದರೂ ವ್ಯಕ್ತಿಸ್ವಾತಂತ್ರ್ಯದ ಅತಿ ಸೂಕ್ಷ್ಮ ಕಾದಂಬರಿಗಳನ್ನು ನಾನು ಕಂಡದ್ದು ಬ್ರಿಟನ್ನಿನ ಆರ್ಥರ್ ಸಿ. ಕ್ಲಾರ್ಕ್ ಪ್ರಶಸ್ತಿಯ ಪಟ್ಟಿಯಲ್ಲಿ. ಹಿಂದಿನ ವರ್ಷ ಬ್ರಿಟನ್ನಿನಲ್ಲಿ ಮೊದಲ ಬಾರಿಗೆ ಪ್ರಕಟವಾದ ವಿಜ್ಞಾನ ಕಾದಂಬರಿಗಳನ್ನು ಪ್ರಕಾಶಕರು ಕಳಿಸುತ್ತಾರೆ, ಚಿಕ್ಕ ತೀರ್ಪುಗಾರರ ಮಂಡಳಿಯೊಂದು ಓದಿ ಒಂದನ್ನು ಆರಿಸುತ್ತದೆ. 2001ರಿಂದ ಬಹುಮಾನದ ಮೊತ್ತ ಆಯಾ ಇಸವಿಯಷ್ಟೇ ಪೌಂಡು: 2001ರಲ್ಲಿ 2001, 2025ರಲ್ಲಿ 2025.

1987ರಲ್ಲಿ ಮೊದಲ ಪ್ರಶಸ್ತಿ ಸಂದದ್ದು ಮಾರ್ಗರೆಟ್ ಅಟ್ವುಡ್ ಅವರ ‘ದ ಹ್ಯಾಂಡ್‌ಮೇಡ್ಸ್ ಟೇಲ್’ಗೆ. ಅದರಲ್ಲಿ ನನ್ನನ್ನು ಇಂದಿಗೂ ಬಿಡದೆ ಕಾಡುವುದು ಕೆಂಪು ಉಡುಪಾಗಲೀ ಗೋಡೆಯ ಮೇಲಿನ ಹೆಣಗಳಾಗಲೀ ಅಲ್ಲ. ಒಂದು ಅಂಗಡಿಯ ದೃಶ್ಯ. ನಾಯಕಿ ಎಂದಿನಂತೆ ಮೂಲೆಯಂಗಡಿಗೆ ಹೋಗಿ ಸಿಗರೇಟು ಕೇಳುತ್ತಾಳೆ. ಕಾರ್ಡು ನಡೆಯುವುದಿಲ್ಲ. ಯಂತ್ರದ ದೋಷವಿರಬೇಕು ಎಂದುಕೊಳ್ಳುತ್ತಾಳೆ. ಅದೇ ದಿನ ಕೆಲಸದ ಜಾಗದಲ್ಲಿ ಹೆಂಗಸರನ್ನೆಲ್ಲ ಮನೆಗೆ ಕಳಿಸುತ್ತಾರೆ, ಸಂಜೆಯ ಹೊತ್ತಿಗೆ ಹೆಂಗಸರ ಖಾತೆಗಳೆಲ್ಲ ಸ್ತಂಭನಗೊಂಡು, ಹಣ ಗಂಡನ ಅಥವಾ ಹತ್ತಿರದ ಗಂಡಸಿನ ಕೈಗೆ ಹೋಗಿದೆ ಎಂದು ತಿಳಿಯುತ್ತದೆ. ಗಂಡ ಒಳ್ಳೆಯವನೇ. ನಾನು ನಿನ್ನನ್ನು ನೋಡಿಕೊಳ್ಳುತ್ತೇನೆ ಎನ್ನುತ್ತಾನೆ. ಆ ಸಮಾಧಾನದ ಮಾತಿನಲ್ಲಿ ಅವಳಿಗೆ ಮೊದಲ ಬಾರಿಗೆ ಭಯ ಹುಟ್ಟುತ್ತದೆ. ಪ್ರಭುತ್ವದ ಆಜ್ಞೆ ಹೊರಟದ್ದು ಎಲ್ಲಿಂದಲೋ. ಅದು ಬಂದು ನಿಂತದ್ದು ಅಡುಗೆಮನೆಯಲ್ಲಿ, ಪ್ರೀತಿಸುವವನ ಬಾಯಲ್ಲಿ.

ಈ ಎಳೆ ಕ್ಲಾರ್ಕ್ ಪಟ್ಟಿಯಲ್ಲಿ ಮತ್ತೆ ಮತ್ತೆ ಬರುತ್ತದೆ. 2012ರಲ್ಲಿ ಗೆದ್ದ ಜೇನ್ ರಾಜರ್ಸ್ ಅವರ ‘ದ ಟೆಸ್ಟಮೆಂಟ್ ಆಫ್ ಜೆಸ್ಸಿ ಲ್ಯಾಂಬ್’ನಲ್ಲಿ ಗರ್ಭಿಣಿಯರನ್ನು ಕೊಲ್ಲುವ ವೈರಸ್ಸು ಲೋಕವನ್ನೆಲ್ಲ ಹಬ್ಬಿದೆ. ಮನುಕುಲ ಉಳಿಯಲಿ ಎಂದು ಹದಿಹರೆಯದ ಹುಡುಗಿಯೊಬ್ಬಳು ತನ್ನ ಪ್ರಾಣವನ್ನೇ ಒತ್ತೆಯಿಟ್ಟು ಮಗುವನ್ನು ಹೊರಲು ಮುಂದಾಗುತ್ತಾಳೆ. ಅವಳ ತಂದೆ, ಸ್ವತಃ ವಿಜ್ಞಾನಿ, ಅವಳನ್ನು ಉಳಿಸಿಕೊಳ್ಳಲು ಕೋಣೆಯಲ್ಲಿ ಕೂಡಿಹಾಕುತ್ತಾನೆ. ಸಾಯುವ ನಿರ್ಧಾರವೂ ಸ್ವಾತಂತ್ರ್ಯವೇ, ಆ ವಯಸ್ಸಿಗೆ ಅದು ಸ್ವಂತ ನಿರ್ಧಾರವೇ, ಅಪ್ಪನ ಬೀಗ ದಬ್ಬಾಳಿಕೆಯೇ ಕರ್ತವ್ಯವೇ? ಓದಿ ಮುಗಿಸಿದ ಮೇಲೆ ನಾನು ಒಂದು ವಾರ ಒಂದು ಪಕ್ಷ ಹಿಡಿದೆ, ಮುಂದಿನ ವಾರ ಇನ್ನೊಂದನ್ನು. 2017ರ ವಿಜೇತ ಕೃತಿ ಕೋಲ್ಸನ್ ವೈಟ್‌ಹೆಡ್ ಅವರ ‘ದ ಅಂಡರ್‌ಗ್ರೌಂಡ್ ರೈಲ್‌ರೋಡ್’ ಗುಲಾಮಗಿರಿಯಿಂದ ಓಡಿಹೋಗುವವಳ ಕಥೆ. 2025ರಲ್ಲಿ ಗೆದ್ದ ಸಿಯರಾ ಗ್ರೀರ್ ಅವರ ‘ಆ್ಯನಿ ಬಾಟ್’ನಲ್ಲಿ ನಾಯಕಿ ಒಂದು ಯಂತ್ರಮಾನವಿ, ಒಡೆಯನನ್ನು ಮೆಚ್ಚಿಸುವುದಕ್ಕಾಗಿಯೇ ತಯಾರಾದವಳು ತನಗೆ ಬೇಕಾದದ್ದೇನು ಎಂದು ಮೊದಲ ಬಾರಿಗೆ ಕೇಳಿಕೊಳ್ಳುವ ಕಥೆ.

ಕ್ಲಾರ್ಕ್ ಪಟ್ಟಿಯ ಮಿತಿ ಎಂದರೆ ಅದು ಪ್ರತಿ ವರ್ಷವೂ ಈ ವಸ್ತುವಿನ ಕಡೆ ತಿರುಗುವುದಿಲ್ಲ. ಕೆಲವು ವರ್ಷಗಳ ವಿಜೇತ ಕೃತಿಗಳಿಗೂ ನಮ್ಮ ಪ್ರಶ್ನೆಗೂ ಸಂಬಂಧವೇ ಇರದು. ತೀರ್ಪುಗಾರರು ಬದಲಾದಂತೆ ಅಭಿರುಚಿಯೂ ಬದಲಾಗುತ್ತದೆ. ಆದರೂ ಗದ್ಯದ ಗುಣವನ್ನು ಮುಖ್ಯವೆಂದು ಎಣಿಸುವ ಓದುಗರಿಗೆ, ವಿಜ್ಞಾನ ಕಾದಂಬರಿ ಎಂದರೆ ಮೂಗು ಮುರಿಯುವ ಗೆಳೆಯರಿಗೆ ಉಡುಗೊರೆ ಕೊಡಬೇಕಾದವರಿಗೆ, ನನ್ನ ಮೊದಲ ಸಲಹೆ ಇದೇ.

ಅದರ್‌ವೈಸ್ ಮತ್ತು ಲೆ ಗ್ವಿನ್

ಅದರ್‌ವೈಸ್ ಬಗ್ಗೆ ಚಿಕ್ಕದಾಗಿ ಹೇಳಿದರೆ ಸಾಕು, ಏಕೆಂದರೆ ಅದರ ಗುರಿ ಸ್ಪಷ್ಟ. ಪ್ಯಾಟ್ ಮರ್ಫಿ ಮತ್ತು ಕರೆನ್ ಜಾಯ್ ಫೌಲರ್ 1991ರಲ್ಲಿ ಇದನ್ನು ಹುಟ್ಟುಹಾಕಿದಾಗ ಹೆಸರು ಜೇಮ್ಸ್ ಟಿಪ್ಟ್ರೀ ಜೂನಿಯರ್ ಪ್ರಶಸ್ತಿ. ಈಗಿನ ಹೆಸರು ಬಂದದ್ದು 2019ರಲ್ಲಿ. ಗಂಡು ಹೆಣ್ಣು ಎಂಬ ಕಲ್ಪನೆಗಳನ್ನು ಹೊಸದಾಗಿ ಶೋಧಿಸುವ, ಹಿಗ್ಗಿಸುವ ವಿಜ್ಞಾನ ಕಥೆಗಳಿಗೆ ಮತ್ತು ಫ್ಯಾಂಟಸಿಗಳಿಗೆ ಇದು ಮೀಸಲು. ಮನೆಯಲ್ಲಿ ತಯಾರಿಸಿದ ಕೇಕು, ಬಿಸ್ಕತ್ತು ಮಾರಿ ಪ್ರಶಸ್ತಿಗೆ ಹಣ ಕೂಡಿಸುವುದು ಇವರು ಮೊದಲಿನಿಂದ ಪಾಲಿಸಿಕೊಂಡು ಬಂದ ರೂಢಿ. ತಾನು ಯಾರಾಗಿ ಬದುಕಬೇಕು ಎಂಬುದನ್ನು ತಾನೇ ತೀರ್ಮಾನಿಸುವ ಹಕ್ಕು ವ್ಯಕ್ತಿಸ್ವಾತಂತ್ರ್ಯದ ಮೊದಲ ಮೆಟ್ಟಿಲು ಎಂದು ನಂಬುವವರಿಗೆ ಈ ಪಟ್ಟಿ ಬೇಕೇಬೇಕು. ಗೆದ್ದ ಕೃತಿಯ ಜತೆಗೆ ತೀರ್ಪುಗಾರರು ಪ್ರಕಟಿಸುವ ಗೌರವ ಪಟ್ಟಿಯನ್ನು ತಪ್ಪಿಸಬೇಡಿ, ಒಳ್ಳೆಯ ಸಣ್ಣಕಥೆಗಳು ಅಲ್ಲಿ ಸಿಗುತ್ತವೆ.

ಅರ್ಸುಲಾ ಲೆ ಗ್ವಿನ್ ಹೆಸರಿನ ಬಹುಮಾನ ಎಲ್ಲಕ್ಕಿಂತ ಕಿರಿಯದು. ಮೊದಲ ಬಾರಿ ಕೊಟ್ಟದ್ದು 2022ರಲ್ಲಿ. ಮೊತ್ತ 25,000 ಡಾಲರ್, ಘೋಷಿಸುವುದು ಲೇಖಕಿಯ ಹುಟ್ಟುಹಬ್ಬವಾದ ಅಕ್ಟೋಬರ್ 21ರಂದು. ಭರವಸೆ, ಸಮಾನತೆ, ಸ್ವಾತಂತ್ರ್ಯ ಎಂಬ ಮೂರನ್ನೂ ಒಟ್ಟಿಗೆ ತನ್ನ ಆಶಯವಾಗಿ ಹೇಳಿಕೊಳ್ಳುವ ಬಹುಮಾನ ಇದು. 2014ರಲ್ಲಿ ಅಮೆರಿಕದ ನ್ಯಾಷನಲ್ ಬುಕ್ ಫೌಂಡೇಷನ್ನಿನ ಪದಕ ಸ್ವೀಕರಿಸುತ್ತ ಲೆ ಗ್ವಿನ್, ಕಷ್ಟದ ಕಾಲ ಬರಲಿದೆ, ಸ್ವಾತಂತ್ರ್ಯವನ್ನು ನೆನಪಿಟ್ಟುಕೊಳ್ಳಬಲ್ಲ ಬರಹಗಾರರು ಆಗ ಬೇಕಾಗುತ್ತಾರೆ ಎಂಬರ್ಥದ ಮಾತು ಹೇಳಿದ್ದರು. ಬಹುಮಾನದ ಬೇರು ಆ ಭಾಷಣದಲ್ಲಿದೆ. ಪ್ರೊಮಿಥಿಯಸ್ ಕೂಡ ಸ್ವಾತಂತ್ರ್ಯ ಎನ್ನುತ್ತದೆ, ಇದೂ ಸ್ವಾತಂತ್ರ್ಯ ಎನ್ನುತ್ತದೆ. ಮೊದಲನೆಯದು ಆ ಪದವನ್ನು ಪ್ರಭುತ್ವದ ಎದುರಿಗೆ ನಿಲ್ಲಿಸಿದರೆ, ಎರಡನೆಯದು ಸಮಾನತೆಯ ಪಕ್ಕದಲ್ಲಿ ಕೂರಿಸುತ್ತದೆ. ವಾನಗಟ್ ಕಥೆಯಲ್ಲಿ ಸಮಾನತೆಯೇ ಬೇಡಿಯಾದದ್ದನ್ನು ನೆನಪಿಸಿಕೊಂಡರೆ ಈ ಎರಡು ಪಟ್ಟಿಗಳ ನಡುವಿನ ಅಂತರ ತಿಳಿಯುತ್ತದೆ. ಲೆ ಗ್ವಿನ್ ಪಟ್ಟಿಯಲ್ಲಿ ಸದ್ಯ ಪುಸ್ತಕಗಳು ಕಡಿಮೆ, ಅವುಗಳಲ್ಲಿ ಕೆಲವನ್ನು ವಿಜ್ಞಾನ ಕಾದಂಬರಿ ಎನ್ನುವುದೂ ಕಷ್ಟ. ಗೆದ್ದದ್ದನ್ನು ಮಾತ್ರ ಓದದೆ, ಅಂತಿಮ ಸುತ್ತಿಗೆ ಬಂದವುಗಳನ್ನೂ ನೋಡುವುದು ಒಳ್ಳೆಯದು.

ಯಾರಿಗೆ ಯಾವುದು

ಪಟ್ಟಿಯನ್ನು ಓದಿಗಾಗಿ ಹುಡುಕುವವರಲ್ಲಿ ಮೂರು ಬಗೆಯವರನ್ನು ಕಂಡಿದ್ದೇನೆ. ಕಾನೂನು, ಕಣ್ಗಾವಲು, ತೆರಿಗೆ, ಪುಸ್ತಕ ನಿಷೇಧ ಇಂಥ ಸಾರ್ವಜನಿಕ ಪ್ರಶ್ನೆಗಳು ಮನಸ್ಸನ್ನು ಕೊರೆಯುತ್ತಿದ್ದರೆ ಪ್ರೊಮಿಥಿಯಸ್ ಹಾಲ್ ಆಫ್ ಫೇಮ್‌ನಿಂದ ಶುರುಮಾಡಿ, ಅನಂತರ ಅದೇ ಸಂಸ್ಥೆಯ ಉತ್ತಮ ಕಾದಂಬರಿಗಳಿಗೆ ಬನ್ನಿ. ಮನೆ, ಮೈ, ಮದುವೆ, ಒಡೆತನಗಳ ಒಳಗಿನ ಬಂಧನವೇ ಮುಖ್ಯವೆನಿಸಿದರೆ ಕ್ಲಾರ್ಕ್ ಮತ್ತು ಅದರ್‌ವೈಸ್. ವಸ್ತು ಯಾವುದಾದರೂ ಸರಿ, ಕಥೆ ಕೈಬಿಡದೆ ಓದಿಸಿಕೊಂಡು ಹೋಗಬೇಕು ಎನ್ನುವವರು ಹ್ಯೂಗೋ ಮತ್ತು ನೆಬ್ಯುಲಾ ಪಟ್ಟಿಗಳಿಂದ ಹೆಕ್ಕಿಕೊಳ್ಳಲಿ. ಗುಂಪಾಗಿ ಓದಿ ಚರ್ಚಿಸುವವರಿಗೆ ನನ್ನ ಅನುಭವದ ಮಾತು: ಒಂದೇ ಪಟ್ಟಿಯಿಂದ ಆರು ಪುಸ್ತಕ ತೆಗೆದುಕೊಂಡರೆ ಮೂರನೆಯ ಸಭೆಯ ಹೊತ್ತಿಗೆ ಎಲ್ಲರೂ ಒಂದೇ ಮಾತಾಡತೊಡಗುತ್ತಾರೆ. ಬೇರೆ ಬೇರೆ ಪಟ್ಟಿಗಳ ಪುಸ್ತಕಗಳನ್ನು ಜೋಡಿಯಾಗಿ ಇಡಿ. ‘ಹ್ಯಾರಿಸನ್ ಬರ್ಜರನ್’ ಜತೆಗೆ ‘ದ ಹ್ಯಾಂಡ್‌ಮೇಡ್ಸ್ ಟೇಲ್’ ಓದಿದ ನಮ್ಮ ಗುಂಪಿನಲ್ಲಿ, ಸಮಾನತೆಗಾಗಿ ಕಾನೂನು ಬೇಕೇ ಎಂಬ ವಾದ ರಾತ್ರಿ ಹನ್ನೊಂದರವರೆಗೂ ನಿಲ್ಲಲಿಲ್ಲ.

ಬರೆಯುವವರ ಲೆಕ್ಕ ಬೇರೆ. ಇಂಗ್ಲಿಷಿನಲ್ಲಿ ಇಂಥ ಕಾದಂಬರಿಯನ್ನು ಪ್ರಕಟಿಸಿರುವ ಅಥವಾ ಅನುವಾದಿಸಿ ಪ್ರಕಟಿಸಲಿರುವ ಲೇಖಕರು ತಮ್ಮ ಪುಸ್ತಕ ಎಲ್ಲಿ ಅಚ್ಚಾಗುತ್ತಿದೆ ಎಂಬುದನ್ನು ಮೊದಲು ನೋಡಬೇಕು. ಕ್ಲಾರ್ಕ್ ಪ್ರಶಸ್ತಿಗೆ ಬ್ರಿಟನ್ನಿನ ಪ್ರಕಟಣೆ ಕಡ್ಡಾಯ, ಕಳಿಸುವವರು ಪ್ರಕಾಶಕರು. ಹ್ಯೂಗೋಗೆ ಓದುಗರ ದೊಡ್ಡ ಬಳಗವಿಲ್ಲದೆ ಅಂತಿಮ ಸುತ್ತು ತಲುಪುವುದು ಬಹಳ ಕಷ್ಟ. ಲೆ ಗ್ವಿನ್ ಬಹುಮಾನಕ್ಕೆ ಯಾವ ಓದುಗರಾದರೂ ಹೆಸರು ಸೂಚಿಸಬಹುದು, ಇದು ಸಣ್ಣ ಪ್ರಕಾಶನದವರಿಗೆ ದೊಡ್ಡ ಅನುಕೂಲ. ಪ್ರೊಮಿಥಿಯಸ್ ಕೂಡ ಹೆಸರಿಲ್ಲದ ಲೇಖಕರಿಗೆ ಬಾಗಿಲು ತೆರೆದಿಟ್ಟಿದೆ. 2018 ಮತ್ತು 2019ರಲ್ಲಿ ಸತತವಾಗಿ ಗೆದ್ದ ಟ್ರಾವಿಸ್ ಕಾರ್ಕೊರನ್ ತಮ್ಮ ಕಾದಂಬರಿಗಳನ್ನು ತಾವೇ ಪ್ರಕಟಿಸಿಕೊಂಡವರು.

ಯಾವ ಪಟ್ಟಿ ತಮಗೆ ಹೊಂದೀತು ಎಂದು ಇನ್ನೂ ತಿಳಿಯದವರಿಗೆ ಒಂದು ಪುಸ್ತಕದ ಪರೀಕ್ಷೆಯನ್ನು ಸೂಚಿಸುತ್ತೇನೆ. ಲೆ ಗ್ವಿನ್ ಅವರ ‘ದ ಡಿಸ್ಪೊಸೆಸ್ಡ್’ ಹ್ಯೂಗೋ, ನೆಬ್ಯುಲಾ, ಪ್ರೊಮಿಥಿಯಸ್ ಹಾಲ್ ಆಫ್ ಫೇಮ್ ಮೂರನ್ನೂ ಪಡೆದ ಕಾದಂಬರಿ. ಅದು ಶುರುವಾಗುವುದು ಒಂದು ಗೋಡೆಯಿಂದ. ದೊಡ್ಡವರು ಆಚೆ ನೋಡಬಹುದಾದಷ್ಟು, ಮಕ್ಕಳೂ ಹತ್ತಬಹುದಾದಷ್ಟು ತಗ್ಗಿನ ಗೋಡೆ. ಅದು ಆಕಾಶನೌಕೆಗಳ ಬಂದರನ್ನು ಆವರಿಸಿದೆಯೋ ಅಥವಾ ಬಂದರಿನ ಹೊರಗಿರುವ ಇಡೀ ಲೋಕವನ್ನು ಕೂಡಿಹಾಕಿದೆಯೋ ಎಂಬುದು ಎಲ್ಲಿ ನಿಂತು ನೋಡುತ್ತೇವೆ ಎಂಬುದನ್ನು ಅವಲಂಬಿಸಿದೆ. ಮುಂದೆ ಅಧ್ಯಾಯಗಳು ಸರದಿಯಂತೆ ಎರಡು ಲೋಕಗಳಲ್ಲಿ ನಡೆಯುತ್ತವೆ. ಉರಾಸ್ ಎಂಬಲ್ಲಿ ಸರ್ಕಾರವಿದೆ, ಸಂಪತ್ತಿದೆ, ಸೈನ್ಯವಿದೆ. ಅನಾರೆಸ್ ಎಂಬಲ್ಲಿ ಸರ್ಕಾರವೂ ಇಲ್ಲ, ಆಸ್ತಿಯೂ ಇಲ್ಲ, ಜೈಲೂ ಇಲ್ಲ. ಆದರೂ ಭೌತವಿಜ್ಞಾನಿ ಶೆವೆಕ್‌ನ ಕೆಲಸಕ್ಕೆ ಅಡ್ಡಬರುವುದು ಒಬ್ಬ ಹಿರಿಯ ಸಹೋದ್ಯೋಗಿಯ ಅಸೂಯೆ ಮತ್ತು ‘ನೀನೊಬ್ಬನೇ ಬೇರೆಯೇ?’ ಎನ್ನುವ ಜನರ ನೋಟ. ಓದುವಾಗ ಉರಾಸ್‌ನ ಅಧ್ಯಾಯಗಳು ನಿಮ್ಮನ್ನು ಹೆಚ್ಚು ಕೆಣಕಿದರೆ ಮುಂದಿನ ಪುಸ್ತಕವನ್ನು ಪ್ರೊಮಿಥಿಯಸ್ ಪಟ್ಟಿಯಿಂದ ತೆಗೆದುಕೊಳ್ಳಿ. ಅನಾರೆಸ್‌ನ ಅಧ್ಯಾಯಗಳಲ್ಲಿ ಉಸಿರು ಬಿಗಿಹಿಡಿದು ಕೂತಿದ್ದರೆ, ಕ್ಲಾರ್ಕ್ ಪಟ್ಟಿಯಲ್ಲಿ 2012ಕ್ಕೆ ಹೋಗಿ, ಜೆಸ್ಸಿ ಲ್ಯಾಂಬ್‌ಳ ಕೋಣೆಯಿಂದ ಆರಂಭಿಸಿ.